ಅಂಜಲು ಅನುಮತಿ ಕೋರಿ

ಇಂದ,
ವಿಶ್ವರಾಧ್ಯ,
ದ್ವಿತೀಯ ದರ್ಜೆ ಸಹಾಯಕ, ಶಹಾಪುರ.
(ಕಚೇರಿಯ ತಪ್ಪೇನೂ ಇಲ್ಲವಾದ್ದರಿಂದ ಅದರ ಹೆಸರು ನಮೂದಿಸಿಲ್ಲ.)
ಸದ್ಯದ ಮೊಕ್ಕಾಂ: ತಮ್ಮ ಮನೆಯ ಕಟ್ಟೆ.

ಗೆ,
ಶ್ರೀಮತಿ ಪಾರ್ವತಿಬಾಯಿಯವರು,
ಅರ್ಜಿದಾರನ ಅತ್ತೆಯವರು ಹಾಗೂ ಮನೆಯ ಯಜಮಾನಿ,
ರಂಗಂಪೇಟೆ, ಸುರಪುರ.

ವಿಷಯ: ಬರುವ ಮಂಗಳವಾರ ಶ್ರೀಮತಿ ನಾಗರತ್ನಾ ಅವರೊಂದಿಗೆ ಆಸ್ಪತ್ರೆಗೆ ಹೋಗಲು ಮತ್ತು ಅಲ್ಲಿ ಅಂಜಲು ಅನುಮತಿ ನೀಡುವ ಬಗ್ಗೆ.

ಉಲ್ಲೇಖ: ೧) ಇಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ತಾವು ನೀಡಿದ ಮೌಖಿಕ ಆದೇಶ.
೨) ಅರ್ಜಿದಾರನ ಪತ್ನಿ ನಾಗರತ್ನಾ ಅವರು ಬಸ್ಸಿನ ಕಿಟಕಿಯಿಂದ ನೋಡಿದ ನೋಟ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

೧. ಅರ್ಜಿದಾರನು ಮೊದಲು ಎಂಥ ಮನುಷ್ಯನಾಗಿದ್ದನೆಂಬುದು ತಮಗೆ ತಿಳಿದ ವಿಷಯ. ಕರೆಂಟು ಹೋದರೆ ಸ್ವಿಚ್ಚಿಗೆ ಬೈಯುತ್ತಿದ್ದನು. ಯಾದಗಿರಿ ಬಸ್ಸು ತಡವಾದರೆ, ಪಕ್ಕದಲ್ಲಿ ನಿಂತ ಅಪರಿಚಿತ ಪ್ರಯಾಣಿಕರ ಮೇಲೆ ಹರಿಹಾಯುತ್ತಿದ್ದನು. ನಾಗರತ್ನಾ ಅವರು ಸಂತೆಯಿಂದ ಬರುವುದು ಸ್ವಲ್ಪ ತಡವಾದರೂ ಓಣಿಯ ತಿರುವಿನವರೆಗೆ ಹೋಗಿ ನಿಂತು, ಬಂದ ಮೇಲೆ ಕೈಯಲ್ಲಿನ ಚೀಲ ಇಸಿದುಕೊಂಡು, ಮನೆ ಮುಟ್ಟುವವರೆಗೂ ಬೈಯುತ್ತ ಬರುತ್ತಿದ್ದನು. ಈ ಕಾರಣ ರಕ್ತದೊತ್ತಡ ಏರಿ, ವೈದ್ಯರು ಮಾತ್ರೆ ಬರೆದುಕೊಟ್ಟು, "ಸಮಾಧಾನ ಇರಲಿ" ಎಂದರು. ಮಾತ್ರೆ ಔಷಧದ ಅಂಗಡಿಯಲ್ಲಿ ಸಿಕ್ಕಿತು. ಸಮಾಧಾನ ಎಲ್ಲಿ ಸಿಗುತ್ತದೆಂದು ಚೀಟಿಯಲ್ಲಿ ಬರೆದಿರಲಿಲ್ಲ.

೨. ಹೀಗಿರುವಲ್ಲಿ, ಯಾದಗಿರಿಯಲ್ಲಿ ನೌಕರರಿಗಾಗಿ ಮಾನಸಿಕ ಒತ್ತಡ ನಿವಾರಣಾ ತರಬೇತಿ ಏರ್ಪಟ್ಟಿತು. ಊಟ ಚೆನ್ನಾಗಿರುತ್ತದೆಂಬ ಸುದ್ದಿಯ ಮೇರೆಗೆ ಅರ್ಜಿದಾರನೂ ಹೋದನು. ಅಲ್ಲಿ ತರಬೇತುದಾರರಾದ ಶಾಂತಕುಮಾರ ಅವರು ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

"ಎರಡು ಸಾವಿರ ವರ್ಷದ ಹಿಂದ ಗ್ರೀಸ್ ದೇಶದಾಗ ಸ್ಟೋಯಿಕ್ ಅನ್ನೋ ಮಂದಿ ಇದ್ರು. ಗೆರಿ ಈ ಕಡಿ ನಮ್ಮ ಕೈಯಾಗ ಇರೋದು. ಆ ಕಡಿ ನಮ್ಮ ಕೈಯಾಗ ಇಲ್ಲದ್ದು. ಇಲ್ಲದ್ದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ ಅಂತ ಹೇಳಿ ಹೋಗ್ಯಾರ. ಚಕ್ರವರ್ತಿನೂ ಇದನ್ನ ಕಲ್ತಾನ, ಗುಲಾಮನೂ ಕಲ್ತಾನ" ಎಂದರು.

೩. ಅರ್ಜಿದಾರನು ತನ್ನ ಇಡೀ ಸೇವಾವಧಿಯಲ್ಲಿ "ಇದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬರೆದು ಕಡತಗಳನ್ನು ಹಿಂದಿರುಗಿಸಿದ ಅನುಭವಿ. ಆದ್ದರಿಂದ ಸದರಿ ತತ್ವವು ಚಕ್ರವರ್ತಿಗಿಂತಲೂ ಬೇಗ ಅವನಿಗೆ ಒಗ್ಗಿತು.

೪. ಪ್ರಾರಂಭದಲ್ಲಿ ಫಲಿತಾಂಶ ತೃಪ್ತಿಕರವಾಗಿತ್ತು. ಕರೆಂಟು ಹೋದರೆ ಸುಮ್ಮನೆ ಕುಳಿತನು. ಬಸ್ಸು ತಡವಾದರೆ ಮುಗುಳ್ನಕ್ಕನು. ಅಪರಿಚಿತರು ದೂರ ಸರಿದು ನಿಂತರು. ರಕ್ತದೊತ್ತಡ ಇಳಿಯಿತು. ನಾಗರತ್ನಾ ಅವರು ಸಂತೋಷದಿಂದ ಹೋಳಿಗೆ ಮಾಡಿ, "ಆ ಗ್ರೀಸ್ ಮಂದಿ ಹೊಟ್ಟಿ ತಣ್ಣಗಿರಲಿ" ಎಂದರು. ಅರ್ಜಿದಾರನು ಹೋಳಿಗೆ ತಿನ್ನಲಿಲ್ಲ. ರುಚಿಗೆ ದಾಸನಾಗಬಾರದೆಂದು ತರಬೇತಿಯಲ್ಲಿ ಹೇಳಿದ್ದರಿಂದ, ಒಣ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ಅವರ ಎದುರೇ ತಿಂದನು.

೫. ಇದಾದ ಮೇಲೆ ಬೆಳಗಿನ ಅಭ್ಯಾಸ. ಕಳೆದುಹೋಗಬಹುದಾದುದನ್ನು ಕಳೆದುಹೋಗಿದೆಯೆಂದೇ ದಿನವೂ ಕಲ್ಪಿಸಿಕೊಂಡರೆ, ಮುಂದೆ ಪೆಟ್ಟು ಮೆತ್ತಗೆ ಬೀಳುತ್ತದೆಂಬುದು ಸ್ಟೋಯಿಕರ ಇನ್ನೊಂದು ಉಪಾಯ. ಇದನ್ನು ಮನಸ್ಸಿನಲ್ಲೇ ಮಾಡಬೇಕೆಂದು ಶಾಂತಕುಮಾರ ಅವರು ಹೇಳಿದ್ದರೋ ಇಲ್ಲವೋ ನೆನಪಿಲ್ಲ. ಅರ್ಜಿದಾರನು ಬಾಯಿಬಿಟ್ಟೇ ಮಾಡಿದನು.

"ಯಾಕ್ರಿ, ಚಾ ಹಿಡ್ಕೊಂಡು ಹಂಗ ನನ್ನ ಮಾರಿನೇ ನೋಡಾಕತ್ತೀರಿ?" ಎಂದು ನಾಗರತ್ನಾ ಕೇಳಿದರು. ಅಷ್ಟು ದಿನಗಳ ಸಂಸಾರದಲ್ಲಿ ಗಂಡ ಹಾಗೆ ನೋಡಿದ್ದು ಕಡಿಮೆ, ಆದ್ದರಿಂದ ಅವರ ಮುಖದಲ್ಲಿ ಸ್ವಲ್ಪ ನಾಚಿಕೆಯೂ ಇತ್ತು.

"ನಾಳಿ ನೀ ಇರಂಗಿಲ್ಲ ಅಂತ ತಿಳ್ಕೊಂಡು ಕುಡಿಯಾಕತ್ತೀನಿ" ಎಂದನು.

ಅಂದು ಡಬ್ಬಿ ಕಟ್ಟಿಕೊಡಲಿಲ್ಲ. ಡಬ್ಬಿಯೂ ತನ್ನ ವ್ಯಾಪ್ತಿಯಲ್ಲಿಲ್ಲವೆಂದು ಅರ್ಜಿದಾರನು ಉಪವಾಸವೇ ಕಚೇರಿಗೆ ಹೋದನು.

೬. ತಮ್ಮ ಸುಪುತ್ರರಾದ ಶರಣಕುಮಾರ ಅವರ ಹೊಸ ಮನೆಯ ಪ್ರವೇಶದ ದಿನ, ಬಂಧು ಬಳಗದ ನಡುವೆ ಅವರ ಹೆಗಲ ಮೇಲೆ ಕೈಯಿಟ್ಟು, "ಈ ಮನಿ ಬಿದ್ದು ಹೋಗ್ಯಾದ ಅಂತ ಈಗ ಒಮ್ಮಿ ತಿಳ್ಕೊಂಡುಬಿಡು, ಮುಂದ ಆರಾಮ ಇರ್ತಿ" ಎಂದದ್ದು ಶುದ್ಧ ಹಿತಬುದ್ಧಿಯಿಂದ. ಆ ಬಗ್ಗೆ ಈಗಾಗಲೇ ಸಾಕಷ್ಟು ವಿಚಾರಣೆ ನಡೆದಿರುವುದರಿಂದ ಇಲ್ಲಿ ವಿಸ್ತರಿಸಿಲ್ಲ.

೭. ಆಮೇಲೆ ನಾಗರತ್ನಾ ಅವರ ಎದೆಯಲ್ಲಿ ಗಂಟು ಕಾಣಿಸಿತು. ಕಲಬುರಗಿಯ ವೈದ್ಯರು ಗಂಟು ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿ ಬರುವ ದಿನ ಇಬ್ಬರೂ ಹೋಗಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತರು. ನಾಗರತ್ನಾ ಅವರು ಸೆರಗಿನ ತುದಿಯನ್ನು ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಒಂದು ಕೈ ಬೆಂಚಿನ ಮೇಲೆ, ಇಬ್ಬರ ನಡುವೆ ಇತ್ತು. ಅರ್ಜಿದಾರನು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಪ್ರಶಾಂತನಾಗಿ ಕುಳಿತಿದ್ದನು. ನೋಡಿದವರು ಹಾಗೆಂದೇ ಹೇಳುತ್ತಾರೆ.

೮. ವೈದ್ಯರು ಒಳಗೆ ಕರೆದು, ಸಾದಾ ಗಂಟು, ಏನೂ ಭಯವಿಲ್ಲ, ಮಂಗಳವಾರ ಮತ್ತೊಮ್ಮೆ ತೋರಿಸಿ ಹೋಗಿ ಎಂದರು. ನಾಗರತ್ನಾ ಅವರು ಅಲ್ಲೇ ಕುರ್ಚಿಯಲ್ಲಿ ಕುಳಿತು ಅತ್ತರು. "ನೋಡಿದಿಲ್ಲ? ಅಂಜಿ ಏನು ಉಪಯೋಗ ಆಯ್ತು?" ಎಂದು ಅರ್ಜಿದಾರನು ತಿಳಿಹೇಳಿದನು.

ಸುರಪುರದ ಬಸ್ಸು ಜೇವರ್ಗಿ ದಾಟಿದ ಮೇಲೆ ಅವರು ಕೇಳಿದರು: "ಒಂದು ಮಾತು ಖರೇ ಹೇಳ್ರಿ. ನಿಮಗ ಅಂಜಿಕಿ ಆಗಲಿಲ್ಲೇನು?"

"ಇಲ್ಲ. ಅದು ನನ್ನ ವ್ಯಾಪ್ತಿಗಿ ಬರಂಗಿಲ್ಲ."

ಶಹಾಪುರದಲ್ಲಿ ಅರ್ಜಿದಾರನು ಚೀಲ ಸಮೇತ ಇಳಿದನು. ನಾಗರತ್ನಾ ಅವರು ಸೀಟಿನಿಂದ ಏಳಲಿಲ್ಲ.

"ಇಳಿಯಂಗಿಲ್ಲೇನು?"

"ನೀವು ಹೋಗ್ರಿ. ನಾ ಅವ್ವನ ಕಡಿ ರಂಗಂಪೇಟಿಗಿ ಹೊಂಟೀನಿ."

"ಯಾಕ? ಏನಾಯ್ತು?"

"ಅದು ನಿಮ್ಮ ವ್ಯಾಪ್ತಿಗಿ ಬರಂಗಿಲ್ರಿ" ಎಂದು ಕಿಟಕಿಯಿಂದ ಒಮ್ಮೆ ನೋಡಿದರು (ಉಲ್ಲೇಖ ೨). ಬಸ್ಸು ಹೊರಟಿತು.

೯. ಮರುದಿನ ಬೆಳಿಗ್ಗೆ ಅರ್ಜಿದಾರನು ಎಂದಿನಂತೆ ಅಭ್ಯಾಸಕ್ಕೆ ಕುಳಿತು, ನಾಗರತ್ನಾ ಮನೆಯಲ್ಲಿಲ್ಲವೆಂದು ಕಲ್ಪಿಸಿಕೊಳ್ಳಲು ಕಣ್ಣು ಮುಚ್ಚಿದನು. ಕಲ್ಪಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಕಣ್ಣು ತೆರೆದಾಗ ಅಂಗಿಯ ಎದೆಯ ಭಾಗ ಒದ್ದೆಯಾಗಿತ್ತು. ಚಹಾ ಚೆಲ್ಲಿತೆನ್ನುವಂತಿಲ್ಲ, ಅಂದು ಚಹಾ ಮಾಡಿರಲೇ ಇಲ್ಲ.

೧೦. ತತ್ವದಲ್ಲಿಯೇ ಏನೋ ದೋಷವಿದೆಯೆಂಬ ಸಂಶಯದಿಂದ ಶಾಂತಕುಮಾರ ಅವರಿಗೆ ಫೋನು ಮಾಡಲಾಯಿತು. ಆ ಹೊತ್ತಿಗೆ ಅವರ ಕಾರು ತಿಂಥಣಿ ಸೇತುವೆಯ ಹತ್ತಿರ ಕೆಟ್ಟು ನಿಂತಿದ್ದು, ಅವರು ಮೆಕ್ಯಾನಿಕ್ಕಿಗೆ ಬೈಯುತ್ತಿದ್ದರು. ಆ ಬೈಗುಳ ಮುಗಿಯುವವರೆಗೆ ಅರ್ಜಿದಾರನು ಕಾದನು. ನಂತರ ನಡೆದುದೆಲ್ಲವನ್ನೂ ಹೇಳಿದನು.

"ಅಲ್ರಿ ವಿಶ್ವರಾಧ್ಯ, ನಾ ಗೆರಿ ಎಳದು ಎರಡು ಕಡಿ ತೋರಿಸಿದ್ದೆ. ನೀವು ಒಂದ ಕಡಿ ನೋಡ್ಕೊಂಡು ಹೋಗೀರಿ" ಎಂದರು. "ನಮ್ಮ ಕೈಯಾಗ ಇರೋದನ್ನ ಪೂರಾ ಮಾಡ್ರಿ ಅಂತ ಮೊದಲು ಹೇಳ್ಯಾರ್ರಿ ಅವರು. ರಿಪೋರ್ಟ್ ನಿಮ್ಮ ಕೈಯಾಗ ಇರಲಿಲ್ಲ, ಒಪ್ಪಿದೆ. ಆಕಿ ಕೈ ಬಾಜೂಕ ಇತ್ತಲ್ರಿ, ಅದನ್ನ ಹಿಡಿಯಾಕ ಏನಾಗಿತ್ತು?"

ಅರ್ಜಿದಾರನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದನು.

"ಮತ್ತ ಅಂಜಿಕಿ ಬರಬಾರದು ಅಂತ ಯಾರೂ ಹೇಳಿಲ್ರಿ. ಅದು ತಾನ ಬರ್ತದ. ಬಂದ ಮ್ಯಾಲೆ ಏನು ಮಾಡ್ತೀವಿ ಅನ್ನೋದಷ್ಟ ನಮ್ದು." ಇಷ್ಟು ಹೇಳಿ ಅವರು ಮತ್ತೆ ಮೆಕ್ಯಾನಿಕ್ಕಿನ ಕಡೆ ತಿರುಗಿದರು.

೧೧. ತತ್ಪರಿಣಾಮವಾಗಿ ಅರ್ಜಿದಾರನು ಸಿಕ್ಕ ಮೊದಲ ಬಸ್ಸು ಹಿಡಿದು ಬಂದು ತಮ್ಮ ಬಾಗಿಲಲ್ಲಿ ನಿಂತನು. ತಾವು ಒಳಗೆ ಕರೆಯದೆ, "ಅಳಿಯಂದ್ರ, ಮೊದಲ ನನ್ನ ಮಗಳಿಗಿ ಬೈತಿದ್ರಿ, ಆದರ ದಾರಿ ನೋಡ್ತಿದ್ರಿ. ಈಗ ಬೈಯೋದೂ ಇಲ್ಲ, ದಾರಿ ನೋಡೋದೂ ಇಲ್ಲ. ಇಂಥಾ ಸಮಾಧಾನ ತಗೊಂಡು ಆಕಿ ಏನು ಮಾಡಬೇಕು?" ಎಂದು ಕೇಳಿದಿರಿ. ಮಾತನಾಡಲು ಬಾಯಿ ತೆರೆದಾಗ, "ಬಾಯಿಲೆ ಹೇಳಬ್ಯಾಡ್ರಿ. ಕಚೇರಿಗಿ ಬಂದ ಮಂದಿಗೆಲ್ಲ ಅರ್ಜಿ ಬರ್ಕೊಂಡು ಬರ್ರಿ ಅಂತೀರಲ್ಲ, ನೀವೂ ಬರದು ಕೊಡ್ರಿ. ಆಕಿ ಓದಿ ನೋಡ್ತಾಳ" ಎಂದು ಆದೇಶಿಸಿದಿರಿ. ಅದರನ್ವಯ ಎದುರು ಮನೆಯ ಮದೀನಾಬೀ ಅವರಿಂದ ಕಾಗದ ಪಡೆದು, ತಮ್ಮ ಕಟ್ಟೆಯ ಮೇಲೆ ಕುಳಿತು ಇದನ್ನು ಬರೆಯಲಾಗುತ್ತಿದೆ.

೧೨. ಬಸ್ಸಿನಲ್ಲಿ ಕೊಟ್ಟ ಹೇಳಿಕೆಯನ್ನು ಈ ಮೂಲಕ ತಿದ್ದುಪಡಿ ಮಾಡಲಾಗಿದೆ. ಬೆಂಚಿನ ಮೇಲೆ ಕುಳಿತಾಗ ಅರ್ಜಿದಾರನ ಎರಡೂ ಕಾಲು ನಡುಗುತ್ತಿದ್ದವು. ಯಾರಿಗೂ ಕಾಣಬಾರದೆಂದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಒತ್ತಿ ಹಿಡಿದಿದ್ದನು. ಅದರಲ್ಲಿದ್ದ ಬಾಳೆಹಣ್ಣು ಅದರಿಂದಲೇ ನುಚ್ಚಾದದ್ದು. ನಾಗರತ್ನಾ ಅವರು ಭಾವಿಸಿದಂತೆ ಬಸ್ಸಿನ ನೂಕುನುಗ್ಗಲಿನಿಂದ ಅಲ್ಲ. ಗಂಡಸು ಇಷ್ಟು ಕಷ್ಟಪಟ್ಟು ಕಲಿತ ವಿದ್ಯೆ ಮೊದಲ ಪರೀಕ್ಷೆಯಲ್ಲೇ ನಪಾಸಾಯಿತೆಂದು ಹೇಳಲು ಮನಸ್ಸು ಬರಲಿಲ್ಲ. ಕಾರಣ ಇಷ್ಟೇ.

ಆದ್ದರಿಂದ, ನಾಗರತ್ನಾ ಅವರನ್ನು ಹಿಂದಿರುಗಲು ತಾವು ಆದೇಶಿಸಬೇಕೆಂದು ಅರ್ಜಿದಾರನು ಕೋರುವುದಿಲ್ಲ. ಬರುವುದು ಬಿಡುವುದು ಅವರದೇ ಇಚ್ಛೆ. ಮಂಗಳವಾರ ಆಸ್ಪತ್ರೆಯಲ್ಲಿ ಅವರ ಬಾಜೂಕ ಕುಳಿತು, ಚೀಲವನ್ನು ಕೆಳಗಿಟ್ಟು, ಎಲ್ಲರಿಗೂ ಕಾಣುವಂತೆ ಅಂಜಲು ಅನುಮತಿ ನೀಡಿದರೆ ಸಾಕು. ಗಾಬರಿಯಲ್ಲಿ ಅರ್ಜಿದಾರನು ಸಿಬ್ಬಂದಿಗೆ ಬೈದಲ್ಲಿ ತಡೆಯುವ ಅಧಿಕಾರವನ್ನೂ ನಾಗರತ್ನಾ ಅವರಿಗೇ ವಹಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ ಅಳಿಯ,
ವಿಶ್ವರಾಧ್ಯ

ಲಗತ್ತುಗಳು:
೧. ವೈದ್ಯರ ವರದಿಯ ನಕಲು.
೨. ಶರಣಕುಮಾರ ಅವರಿಗೆ ಕ್ಷಮಾಪಣೆ, ಪ್ರತ್ಯೇಕ ಹಾಳೆಯಲ್ಲಿ.
೩. ಅರ್ಜಿದಾರ, ಖುದ್ದಾಗಿ.

ಷರಾ:
ಓದಿ ನೋಡಿದೆ. ಮಂಗಳವಾರ ಇಬ್ಬರೂ ಹೋಗೋಣು. ಮೂರನೇ ಲಗತ್ತು ಕಟ್ಟಿ ಮ್ಯಾಲೆ ಬಿಸಿಲಾಗ ಕುಂತಾದ, ಮಂದಿ ನೋಡಾಕತ್ತಾರ. ಅವ್ವಾ, ಒಳಗ ಕರಿ.
— ನಾಗರತ್ನಾ