ಮುನ್ನಿಯ ಬೆನ್ನಿಗೊಂದು ಜೀನು

ಸೇಡಂ ತಾಲೂಕಿನಲ್ಲಿ ನಮ್ಮ ಕಾಕಾನಷ್ಟು ಕುದುರೆಗೆ ಹೆದರುವ ಮನುಷ್ಯ ಇನ್ನೊಬ್ಬರಿಲ್ಲ. ಅಂಥವರು ಅರವತ್ತೆರಡನೇ ವಯಸ್ಸಿಗೆ ಒಂದು ಕುದುರೆ ಕೊಂಡರು. ಸುಮ್ಮನೆ ಸಾಕಲಿಕ್ಕಲ್ಲ, ಮೂರು ಡ್ರಮ್ಮು ಸುತ್ತಿ ಓಡಿಸಲಿಕ್ಕೆ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದವರು. ರಿಟೈರಾದ ಮೇಲೆ ಕಾಕುನ್ನ, ಅಂದರೆ ತಮ್ಮ ಹೆಂಡತಿಯನ್ನ, ಕರಕೊಂಡು ನಮ್ಮ ತಾಲೂಕಿನದೇ ಮುಧೋಳದ ಹೊಲದ ಮನೆಗೆ ಹೋಗಿ ಉಳಿದರು. ಅಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದರು. ಯಾವುದೋ ಪರದೇಶದ ಹುಡುಗಿ ಮೈದಾನದಲ್ಲಿ ನಿಲ್ಲಿಸಿದ ಮೂರು ಡ್ರಮ್ಮುಗಳನ್ನು ಕುದುರೆ ಮೇಲೆ ಗರಗರ ಸುತ್ತಿ ವಾಪಸ್ ಬರುತ್ತಾಳೆ. ಅದಕ್ಕೆ ಬ್ಯಾರೆಲ್ ರೇಸ್ ಅನ್ನುತ್ತಾರಂತೆ. ವಾರದೊಳಗೆ ಕಾಕಾ ಶಹಾಬಾದಿಗೆ ಹೋಗಿ ಮುನ್ನಿಯನ್ನು ತಂದರು.

ಮುನ್ನಿ ಮದುವೆ ಮೆರವಣಿಗೆಯ ಬಿಳಿ ಕುದುರೆ. ಈಗಿನ ಮದುಮಕ್ಕಳೆಲ್ಲ ಕಾರಿನಲ್ಲಿ ಬರುವುದರಿಂದ ಪಾಪ, ಆಕೆಗೆ ಕೆಲಸವಿರಲಿಲ್ಲ. ಭಾಳ ಮೆತ್ತಗಿನ ಸ್ವಭಾವ. ಒಂದೇ ಐಬು, ಬ್ಯಾಂಡಿನ ಸಪ್ಪಳ ಕೇಳಿದರೆ ಕುಣಿಯುತ್ತಿದ್ದಳು. ಹೊಲದಲ್ಲಿ ನೀಲಿ ಡ್ರಮ್ಮುಗಳನ್ನು ಇಟ್ಟ ಮೊದಲ ದಿನವೇ ಗಾಳಿಗೆ ಒಂದು ಉರುಳಿ ಡಬಡಬ ಅಂತು. ಮುನ್ನಿ ಬೆದರಿ ಓಡಲಿಲ್ಲ. ಅದರ ಮುಂದೆ ನಿಂತು ಕಾಲು ಗಂಟೆ ಕುಣಿದಳು.

ಕಷ್ಟ ಶುರುವಾದದ್ದು ಜೀನಿನಿಂದ, ಅಂದರೆ ಕುದುರೆ ಬೆನ್ನಿಗೆ ಬಿಗಿಯುವ ತಡಿಯಿಂದ. ಮುನ್ನಿಯ ಜೊತೆಗೆ ಬಂದಿದ್ದ ಜೀನು ಜರಿಯದು, ಅಂಚಿಗೆಲ್ಲ ಕನ್ನಡಿ. ಅದರ ಮೇಲೆ ಮೊದಲು ತಾವು ಏರುವ ಬದಲು ಕಾಕಾ ಒಂದು ತೊಗರಿ ಚೀಲ ಕಟ್ಟಿಸಿದರು.

“ಇದು ನಾನೇ ಅಂತ ತಿಳ್ಕೊ,” ಅಂದರು ನನಗೆ.

ಮುನ್ನಿ ಎರಡನೇ ಡ್ರಮ್ಮು ಮುಟ್ಟುವಷ್ಟರಲ್ಲಿ ಜೀನು ಜಾರಿ, ಕಾಕಾ, ಅಂದರೆ ಚೀಲ, ಹೊಟ್ಟೆಯ ಕೆಳಗೆ ತೂಗಾಡುತ್ತಿತ್ತು. ನಿಜವಾದ ಕಾಕಾ ಬೇವಿನ ಗಿಡದ ಹಿಂದೆ ನಿಂತು ಬೆವರು ಒರೆಸಿಕೊಂಡರು.

ಆ ರೇಸಿನ ಜೀನೇ ಬೇರೆ ನಮೂನೆ. ಕೂಡುವ ಜಾಗ ಬೋಗುಣಿಯಂತೆ ಆಳ, ಹಿಂದೆ ಎತ್ತರದ ಒರಗು, ಮುಂದೆ ಹಿಡಿಯಲಿಕ್ಕೆ ಒಂದು ಗೂಟ. ಕುದುರೆ ಎಷ್ಟು ತಿರುಗಿದರೂ ಮೇಲಿದ್ದವರು ಬೀಳುವುದಿಲ್ಲ. ಕಾಕಾನ ಹೆದರಿಕೆಗೆ ಇದೇ ಸರಿ ಅಂದುಕೊಂಡೆ. ಮೊಬೈಲಿನಲ್ಲಿ ಅದರ ರೇಟು ನೋಡಿದೆವು. ಆ ರೇಟಿಗೆ ಮುನ್ನಿಯಂಥವರು ಮೂವರು ಬರುತ್ತಿದ್ದರು. ಚಿತ್ತಾಪುರದಲ್ಲಿ ಒಬ್ಬರ ಅಟ್ಟದ ಮೇಲೆ ಹಳೇ ಜೀನು ಸಿಕ್ಕಿತು, ಅಗ್ಗವೂ ಆಗಿತ್ತು, ಕೊಂಡು ತಂದೆವು. ಆದರೆ ಅದು ಯಾವುದೋ ಬಡಕಲು ಕುದುರೆಯದು. ನಮ್ಮ ಮುನ್ನಿಯ ಅಗಲ ಬೆನ್ನಿನ ಮೇಲೆ ಗಡಿಗೆಯ ಮೇಲೆ ಚಿಮಣಿ ಇಟ್ಟ ಹಾಗೆ ಕೂತಿತು.

“ಅಳತಿ ಇಲ್ಲದೆ ತಿರಗೋದು ಶುದ್ಧ ದಡ್ಡತನ,” ಅಂದ ಕಾಕಾ ಒಂದು ದಪ್ಪ ತಂತಿ ತಂದು ಮುನ್ನಿಯ ಭುಜದ ಮೇಲೆ ಬಾಗಿಸಿದರು. ಬೆನ್ನಿನ ಆಕಾರ ತಂತಿಗೆ ಬಂತು. ಆ ತಂತಿ ಹಿಡಿದು ಜೀನು ಹುಡುಕಲಿಕ್ಕೆ ಇಬ್ಬರೂ ವಾಡಿ ಬಸ್ಸು ಹತ್ತಿದೆವು.

“ಏನ್ರಿ ಸರ್ ಅದು, ಟೀವಿ ಅಂಟೆನಾನಾ?” ಕಂಡಕ್ಟರ್ ಕೇಳಿದ.

“ಅಲ್ಲಪಾ, ನಮ್ಮ ಮುನ್ನಿ ಬೆನ್ನು.”

ಕಂಡಕ್ಟರ್ ಲಗೇಜು ಟಿಕೀಟು ಕೊಡಬೇಕೋ ಬೇಡವೋ ಅಂತ ವಿಚಾರ ಮಾಡುತ್ತ ಹಿಂದೆ ಹೋದ. ಚಿತ್ತಾಪುರದಲ್ಲಿ ಹತ್ತಿದ ದೊಡ್ಡ ಹೊಟ್ಟೆಯ ಸಾವಕಾರರೊಬ್ಬರು ನೇರವಾಗಿ ಬಂದು ಆ ತಂತಿಯ ಮೇಲೇ ಕೂತರು. ಎದ್ದಾಗ ಮುನ್ನಿ ಒಂಟೆಯಾಗಿದ್ದಳು. ಅಲ್ಲೇ ಇಳಿದು, ಮುಧೋಳಕ್ಕೆ ವಾಪಸ್ ಬಂದು ಮತ್ತೆ ಅಳತೆ ತೆಗೆದೆವು.

ಆ ಬೇಸಿಗೆ ಹಾಗೇ ಕಳೆಯಿತು. ರಜೆ ಬಂದರೆ ಸಾಕು, ನಾನು ಕಾಕಾನ ಹಿಂದೆ. ಬಸ್ ಸ್ಟ್ಯಾಂಡಿನ ಚಹಾ, ಮಿರ್ಚಿ ಭಜಿ, ಮಡಿಲಲ್ಲಿ ತಂತಿ. ಮುನ್ನಿ ಈಗಿಲ್ಲ, ಕಾಕಾನಿಗೂ ಅಷ್ಟು ತಿರುಗಾಟ ಆಗುವುದಿಲ್ಲ. ಅಂಥ ದಿನಗಳು ಮತ್ತೆಲ್ಲಿ ಸಿಗಬೇಕು ನನಗೆ?

ಕೊನೆಗೆ ವಾಡಿ ಸ್ಟೇಷನ್ ಹತ್ತಿರ ಒಂದು ಕಾಲಕ್ಕೆ ಟಾಂಗಾ ಹೊಡೆಯುತ್ತಿದ್ದ ಮುದುಕರೊಬ್ಬರು ಚಿಂಚೋಳಿಯ ಚಾಚಾ ಒಬ್ಬರ ಗುರುತು ಹೇಳಿದರು. ತೊಗಲಿನ ಕೆಲಸದಲ್ಲಿ ಎತ್ತಿದ ಕೈ. ಅವರು ನಮ್ಮ ತಂತಿಯನ್ನು ತಿರುವಿ ಮುರುವಿ ನೋಡಿ ಪಕ್ಕಕ್ಕಿಟ್ಟರು.

“ಮಾಸ್ತರ್ ಸಾಬ್, ಹುಡುಗಿ ನೋಡ್ಲಾರ್ದೆ ಬಳಿ ತರ್ತಾರೇನ್ರಿ? ಕುದುರಿ ಎಲ್ಲದ, ನಡೀರಿ.”

ಚಾಚಾ ನಮ್ಮ ಸಂಗಡವೇ ಮುಧೋಳಕ್ಕೆ ಬಂದರು. ಮುನ್ನಿಯ ಬೆನ್ನಿನ ಮೇಲೆ ಅಂಗೈ ಎಳೆದು ಒಂದು ಕಡೆ ನಿಂತರು. ಅಲ್ಲಿ ಹಳೇ ಗಾಯದ ಕಲೆ ಇತ್ತು. “ಜರಿ ಜೀನು ಚುಚ್ಚ್ಯಾದ. ಅದು ಕುಣೀತಿತ್ತು ಅಂತೀರಿ, ಒಂದೊಂದು ಸಲ ಉರಿಗಿ ಕುಣದಿರಬೇಕು,” ಅಂದರು. ಹೊಸದು ಬೇಡ, ಚಿತ್ತಾಪುರದ ಆ ಹಳೇ ಜೀನನ್ನೇ ಬಿಚ್ಚಿ, ಕಟ್ಟಿಗೆ ಕೆತ್ತಿ ಅಗಲ ಮಾಡಿ, ಒಳಗೆ ಕಂಬಳಿ ಹೊಲಿದು, ಮುಂದೆ ಸಾಗವಾನಿ ಗೂಟ ಕೂಡಿಸುತ್ತೇನೆ ಅಂದರು. ಆಮೇಲೆ ಟೇಪು ತೆಗೆದರು.

“ಕುದುರಿದಾಯ್ತು. ಏರವ್ರು ಯಾರು? ಅವ್ರ ಅಳತಿ ಬೇಕು.”

ನಾನು ನಗುತ್ತ ಕಾಕಾನ ಕಡೆ ಬೆರಳು ಮಾಡಿದೆ. ಕಾಕಾ ನಗಲಿಲ್ಲ.

“ನಾ ಅಲ್ಲ. ನಮ್ಮ ಮನಿಯಾಕಿ.”

ಆಮೇಲೆ ನನಗೆ ಹೇಳಿದರು. ಆ ವಿಡಿಯೋ ನೋಡುವಾಗ ಕಾಕು ಹಿಂದೆ ನಿಂತು, “ನಾನೂ ಹಿಂಗs ಓಡಸ್ತಿದ್ದೆ,” ಅಂದರಂತೆ. ಕಾಕುನ ತವರು ಕುಂಚಾವರಂ. ಅವರಪ್ಪ ಕುದುರೆ ಮೇಲೆ ಅಡವಿ ಹಳ್ಳಿಗಳಿಗೆ ಔಷಧ ಕೊಡಲಿಕ್ಕೆ ಹೋಗುತ್ತಿದ್ದರು. ಸಂಜೆಗೆ ಆ ಕುದುರೆ ಕಾಕುನದು. ಲಗ್ನ ಗೊತ್ತಾದ ದಿನ ಇಳಿದವರು ಮತ್ತೆ ಏರಿರಲಿಲ್ಲ.

“ನಲವತ್ತು ವರ್ಷ ಒಂದs ಮನ್ಯಾಗ ಇದ್ದೀವಿ,” ಅಂದರು ಕಾಕಾ. “ನಿನಗ ಏನ್ ಸೇರ್ತದ ಅಂತ ನಾ ಒಂದಿನಾನೂ ಕೇಳಲಿಲ್ಲ ನೋಡು. ಈಗ ಆಕಿ ಸೊಂಟ ಹಿಡದದ. ಬೀಳಬಾರ್ದಲ್ಲಪಾ, ಅದಕ್ಕs ಈ ಜೀನು.”

ಜೀನು ಬಂದ ದಿನ ಕಾಕು ಭಾಳ ಹೊತ್ತು ಒಲ್ಲೆ ಅಂದರು. “ಮಂದಿ ನಗ್ತಾರ್ರೀ.” ಕಾಕಾ ಸ್ಟೂಲು ತಂದು ಮುನ್ನಿಯ ಪಕ್ಕ ಇಟ್ಟರು. ಕಾಕು ಸೆರಗು ಸೊಂಟಕ್ಕೆ ಸಿಗಿಸಿ, ಚಪ್ಪಲಿ ಬಿಟ್ಟು ಹತ್ತಿದರು. ಜೀನು ಅಲುಗಲಿಲ್ಲ. ಮೊದಲನೇ ಡ್ರಮ್ಮನ್ನು ಹೆಜ್ಜೆ ಹೆಜ್ಜೆಗೆ ಸುತ್ತಿದರು, ಎರಡನೆಯದನ್ನು ಸ್ವಲ್ಪ ಜೋರಾಗಿ. ಮೂರನೆಯದನ್ನು ಸುತ್ತಲೇ ಇಲ್ಲ. ಹಿಮ್ಮಡಿ ಒತ್ತಿ, ಹೊಲ ದಾಟಿ ಕೆಮ್ಮಣ್ಣಿನ ದಾರಿ ಹಿಡಿದರು. ಬೆನ್ನು ನೆಟ್ಟಗೆ, ಬಿಳಿ ಜಡೆ ಹಾರುತ್ತಿತ್ತು.

“ಕಾಕಾ, ದೂರ ಹೊಂಟಾರ, ಕರೀರಿ,” ಅಂದೆ.

ಕಾಕಾ ಬಗ್ಗಿ ಕಾಕುನ ಚಪ್ಪಲಿ ಎತ್ತಿ, ಧೂಳು ಜಾಡಿಸಿ ಕೈಯಲ್ಲಿ ಹಿಡಿದುಕೊಂಡರು.

“ಹೋಗ್ಲಿ ಬಿಡು,” ಅಂದರು. “ಬರೂತನಕ ನಿಂದರ್ತೀನಿ.”