ಬಟ್ಟಲಿಗೆ ಅಡ್ಡ ಹಿಡಿದ ಕೈ

ಉಪಚಾರದಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂದು ನಂಬಿಕೊಂಡೇ ಬೆಳೆದವಳು ನಾನು. ಕಿರಿಮಂಜೇಶ್ವರದ ನನ್ನ ತವರಿನಲ್ಲಿ ನೆಂಟರು ಬಾಳೆಲೆಗೆ ಕೈ ಅಡ್ಡ ಹಿಡಿಯಬೇಕು, ನಾವು ಅದನ್ನು ಲೆಕ್ಕಿಸದೆ ಬಡಿಸಬೇಕು. ಇಬ್ಬರಲ್ಲಿ ಯಾರು ತಪ್ಪಿದರೂ ಮರ್ಯಾದೆ ಹೋದಂತೆ. ಬೆರಳ ಸಂದಿಯಿಂದ ಮೀನುಸಾರು ಇಳಿಸುವುದರಲ್ಲಿ ಅಮ್ಮನಿಗೆ ಊರಲ್ಲೇ ಹೆಸರಿತ್ತು. ಆ ಕೈಗುಣ ನನಗೂ ಬಂದಿದೆ ಎಂಬ ಜಂಬ ಬೇರೆ.

ಬ್ರಹ್ಮಾವರದ ಲೀನಾ ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಅವರ ಚರ್ಚಿನ ಕಡೆಯಿಂದ ಟಾಂಜಾನಿಯಾದ ಒಂದು ಅನಾಥ ಮಕ್ಕಳ ಮನೆಗೆ ಸೇವೆಗೆಂದು ಹೊರಟವಳು, "ನೀನೂ ಬಾ ಮಾರಾಯ್ತಿ. ಜಾತಿ ಗೀತಿ ಯಾರೂ ಕೇಂತಿಲ್ಲೆ, ಕೈಕಾಲ್ ಗಟ್ಟಿ ಇದ್ರೆ ಸಾಕ್" ಎಂದಳು. ನಮ್ಮವರು ಪೇಪರಿನಿಂದ ತಲೆಯೆತ್ತಿ, "ಬಸ್ಸಲ್ಲ್ ಶಿರೂರ್ ದಾಟುದ್ರೊಳ್ಗೆ ವಾಂತಿ ಮಾಡು ಹೆಂಗ್ಸ್, ಆಫ್ರಿಕಾಕ್ಕ್ ಹೋಪುದಾ?" ಎಂದು ನಕ್ಕರು. ಅಷ್ಟೇ ಸಾಕಾಯಿತು, ನಾನು ಹೊರಟೇಬಿಟ್ಟೆ.

ಅಲ್ಲಿ ಲೀನಾಳಿಗೆ ಇಂಗ್ಲಿಷ್ ಪಾಠ, ನನಗೆ ಊಟ ಬಡಿಸುವ ಕೆಲಸ. ನನಗಂತೂ ಆನೆಬಲ ಬಂತು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಕಾಳಿನ ಸಾರು. ಮೊದಲ ದಿನವೇ ನೀಮಾ ಎಂಬ ಏಳೆಂಟು ವರ್ಷದ ಹುಡುಗಿ ಕಣ್ಣಿಗೆ ಬಿದ್ದಳು. ಕಡ್ಡಿಯಂಥ ಮೈ. ಇನ್ನೊಂದು ಸೌಟು ಹಾಕಹೋದರೆ ಎರಡೂ ಕೈ ಬಟ್ಟಲಿಗೆ ಅಡ್ಡ ಹಿಡಿದಳು. ಅರೆ, ನಮ್ಮ ಕಡೆಯದೇ ಸಂಕೋಚ! ಖುಷಿಯಿಂದ ಬೆರಳ ಸಂದಿಯಲ್ಲಿ ಸಾರು ಇಳಿಸಿದೆ. ಪುಣ್ಯಕ್ಕೆ ಸಾರು ಆರಿತ್ತು. ಹುಡುಗಿ ನನ್ನ ಮುಖವನ್ನೇ ನೋಡಿದಳು, ಬಟ್ಟಲು ಅಲ್ಲೇ ಬಿಟ್ಟು ಎದ್ದು ಹೋದಳು.

ಮೇಲ್ವಿಚಾರಣೆಯ ಸಿಸ್ಟರ್ ನನ್ನನ್ನು ಬೈಯಲಿಲ್ಲ. "ಇಲ್ಲಿಗೆ ಬರುವ ಮೊದಲು ಇವಳ ಮಾತನ್ನು ಯಾರೂ ಕೇಳಿದವರಲ್ಲ. ಬೇಡ ಎಂದದ್ದನ್ನಾದರೂ ನಾವು ಕೇಳೋಣ" ಎಂದರು. ಬೈದಿದ್ದರೇ ವಾಸಿಯಿತ್ತು. ಮರುದಿನದಿಂದ ನೀಮಾ ನನ್ನ ಸೌಟು ಕಂಡರೆ ಪಕ್ಕದ ಸಾಲಿಗೆ ಹೋಗತೊಡಗಿದಳು.

"ಬಿಡ್ ಮಾರಾಯ್ತಿ, ತರಕಾರಿ ಕೊಯ್ಯುಕ್ ಹೋಗ್" ಎಂದಳು ಲೀನಾ.

"ಆ ಹೆಣ್ಣ್ ನನ್ ಕೈಯಂಗ್ ಬಡ್ಸ್ಕಂಡ್ ಉಂಬಲ್ಲಿವರೆಗೆ ನಾನ್ ಸೌಟ್ ಬಿಡ್ತಿಲ್ಲೆ" ಎಂದೆ.

ಹೇಳುವುದು ಸುಲಭ. ತುಂಬಿದ ಸೌಟನ್ನು ಹಿಂದಕ್ಕೆ ಎಳೆಯುವುದಿದೆಯಲ್ಲ, ಅದರ ಮುಂದೆ ನನ್ನ ಬಿ.ಎಡ್. ಪರೀಕ್ಷೆ ಏನೂ ಅಲ್ಲ. ಹುಟ್ಟಿದಂದಿನಿಂದ ಮುಂದೆ ಹೋಗಿಯೇ ಗೊತ್ತಿದ್ದ ಕೈ ಅದು! ಬಲಗೈ ಮುಂದೆ ಹೋದರೆ ಎಡಗೈಯಲ್ಲಿ ಮಣಿಕಟ್ಟು ಹಿಡಿದು ನಿಲ್ಲಿಸುತ್ತಿದ್ದೆ. ಮಕ್ಕಳಿಗೆ ಇದೊಂದು ಆಟವಾಯಿತು. ಹಸಿವಿದ್ದರೂ ಸುಮ್ಮನೆ ಕೈ ಅಡ್ಡ ಹಿಡಿಯುವುದು, ಈ ಮುದುಕಿ ನಿಂತಲ್ಲೇ ನಡುಗುವುದನ್ನು ನೋಡಿ ಕಿಸಕ್ಕನೆ ನಗುವುದು. ನೀಮಾ ಮಾತ್ರ ಪಕ್ಕದ ಸಾಲಿನಿಂದ ನಗದೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ನನ್ನ ಸಾಲಿಗೇ ಬಂದಳು. ಬಟ್ಟಲು ಚಾಚಿದಳು. ಸೌಟು ಎತ್ತಿದೆ, ಕೈ ಅಡ್ಡ ಬಂತು. ನಿಲ್ಲಿಸಿದೆ. ಕೈ ತೆಗೆದಳು. ಸೌಟು ಬಗ್ಗಿಸುವಷ್ಟರಲ್ಲಿ ಮತ್ತೆ ಅಡ್ಡ. ಮತ್ತೆ ನಿಲ್ಲಿಸಿದೆ. ಹಿಂದಿನ ಮಕ್ಕಳ ಗದ್ದಲ ಜೋರಾಯಿತು, ನನ್ನ ತೋಳು ಬಿದ್ದು ಹೋಗುವಂತಾಯಿತು. ಬೇಕಾದರೆ ಸಂಜೆಯವರೆಗೂ ಹೀಗೇ ನಿಲ್ಲುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಬಡಿಸಿದೆ. ಉಂಡವಳು ಇನ್ನೊಮ್ಮೆ ಬಂದಳು. ನಾನು ಅಲ್ಲೇ ನಿಂತು ಅತ್ತೆ, ಮುಚ್ಚಿಡುವುದೇನು.

ಊರಿಗೆ ಬಂದ ಮೇಲೆ ಕಂಡಕಂಡವರಿಗೆಲ್ಲ ಇದನ್ನು ಉಪದೇಶ ಮಾಡಿದೆ. ಬೇಡ ಎಂದವರಿಗೆ ಬಡಿಸಬಾರದು, ಅದು ಅವರ ಹಕ್ಕು ಎಂದು ಹಟ ಹಿಡಿದು ಹೇಳಿದೆ. ಮೊನ್ನೆ ಶಂಕರನಾರಾಯಣದಲ್ಲಿ ತಂಗಿಯ ಮಗಳ ಮನೆಯ ಊಟ. ಹೋಳಿಗೆ ಬಂತು. ನನ್ನ ಎರಡೂ ಕೈಗಳು ತಾವಾಗಿಯೇ ಬಾಳೆಗೆ ಅಡ್ಡ ಹೋದವು. "ದೊಡ್ಡಮ್ಮಂಗೆ ಬ್ಯಾಡ ಅಂಬ್ರ್, ಒತ್ತಾಯ ಮಾಡುಕಿಲ್ಲೆ" ಎಂದು ತಂಗಿಯ ಮಗಳು ಭಕ್ತಿಯಿಂದ ಬುಟ್ಟಿಯನ್ನು ಮುಂದಿನ ಬಾಳೆಗೆ ಒಯ್ದಳು. ನಾನು ಬೇಗಬೇಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತೆ. ಯಾರೂ ತಿರುಗಿ ನೋಡಲಿಲ್ಲ.