ಕೊಡಕ್ಕೊಂದು ಕಾಲುಚೀಲ

ನಮ್ಮ ಸೋದರತ್ತೆ ಹೆಣೆದದ್ದನ್ನು ಮನುಷ್ಯರು ತೊಡಬಹುದು ಎಂದು ಈವರೆಗೆ ಯಾರೂ ಸಾಬೀತು ಮಾಡಿಲ್ಲ! ಭಾಲ್ಕಿಯಿಂದ ಬೀದರಿಗೆ ಸೊಸೆಯಾಗಿ ಬಂದಾಗ ಅವಳ ಟ್ರಂಕಿನಲ್ಲಿ ಸೀರೆಗಿಂತ ಉಣ್ಣೆಯ ಉಂಡೆಗಳೇ ಹೆಚ್ಚಿದ್ದವಂತೆ. ಫ್ಯಾನಿನ ಗಾಳಿಯೂ ಸುಡುವ ಮೇ ತಿಂಗಳಿನಲ್ಲಿ ಹೊಸ ಸ್ವೆಟರಿನ ಪ್ಲಾನು ಹಾಕುವವಳಿಗೆ ಏನೆನ್ನಬೇಕು ಹೇಳಿ?

ಒಮ್ಮೆ ಔರಾದದ ಬೀಗರಿಗೊಂದು ಸ್ವೆಟರ್ ಕೊಟ್ಟಳು. ಒಂದು ತೋಳು ಮೊಣಕೈಗೇ ನಿಂತರೆ ಇನ್ನೊಂದು ಮೊಣಕಾಲು ಮುಟ್ಟುತ್ತಿತ್ತು.

"ಬೆಳಿಯೋ ಮೈ ಅಂತ ಉದ್ದ ಬಿಟ್ಟೇನ್ರಿ," ಅಂದಳು. ಬೀಗರಿಗೆ ಆಗಲೇ ಮೊಮ್ಮಕ್ಕಳಿದ್ದರು!

ಮುಂದೆ ನಾಲ್ಕು ಸೂಜಿಯ ಹೆಣಿಗೆಯ ಹುಚ್ಚು ಹತ್ತಿತು. ಕಲಿಸಿದವಳು ಎದುರು ಮನೆಯ ಆಪಾ. ಕಾಲುಚೀಲ ಹೆಣೆಯುವಾಗ ಹಿಮ್ಮಡಿಯ ಹತ್ತಿರ ತಿರುವಬೇಕೆಂದು ಆಪಾ ಹೇಳಿದ್ದೂ ಹೇಳಿದ್ದೇ. ಅತ್ತೆ ಕೇಳುವವಳೇ? ದುಂಡಗೆ ಹೆಣೆಯುತ್ತಲೇ ಹೋದಳು.

"ಯಾ ಅಲ್ಲಾ! ಇದು ಆನೀ ಕಾಲಿಗೇನವ್ವಾ?" ಎಂದಳು ಆಪಾ.

ಅತ್ತೆಯ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅವಳ ಕಣ್ಣು ಓಣಿಯ ಮೇಲೆ ಬಿತ್ತು. ಸತತ ಎರಡನೇ ವರ್ಷ ಮಳೆ ಕೈಕೊಟ್ಟು, ಟ್ಯಾಂಕರಿಗಾಗಿ ಕೊಡಗಳು ಹಗಲೆಲ್ಲ ಪಾಳಿಯಲ್ಲಿ ನಿಂತಿರುತ್ತಿದ್ದವು. ಎಲ್ಲವೂ ಒಂದೇ ಹಸಿರು ಪ್ಲಾಸ್ಟಿಕ್ಕಿನವು. ಯಾವುದು ಯಾರದೆಂದು ದಿನಾ ಜಗಳ. ಅತ್ತೆ ಹೋಗಿ ಆ ಕಾಲುಚೀಲವನ್ನು ತನ್ನ ಕೊಡದ ತಲೆಗೇ ತೊಡಿಸಿದಳು! ಮೊದಲಿಂದಲೂ ಕೊಡಕ್ಕೆಂದೇ ಹೆಣೆದದ್ದು ಎಂದು ವಾದಿಸಿದಳು ಬೇರೆ.

"ಅತ್ತಿ, ಕೊಡಕ್ಕ ಥಂಡಿ ಹತ್ತೇದೇನು?" ಎಂದೆ.

"ನಿನ್ನ ಬಾಯಿಗೂ ಒಂದ ಹೆಣೀತೇನಿ, ಸುಮ್ಮ ಕೂಡು!"

ಆಪಾಳ ಕೊಡಕ್ಕೂ ನೇರಳೆ ಬಣ್ಣದ್ದೊಂದು ಆಯಿತು. ಅದರಲ್ಲಿ ಆಪಾ 'ಫಂದಾ' ಎನ್ನುವ ಕುಣಿಕೆಯೊಂದು ತಪ್ಪಿ ತೂತು ಬಿದ್ದಿತ್ತು. ಅತ್ತೆಗೆ ಮಾತ್ರ ಕಾಣಲಿಲ್ಲ.

ನೀರಿಲ್ಲದೆ ಇಟ್ಟಿಗೆಭಟ್ಟಿ ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಆಪಾಳ ಗಂಡ ಮನೆಗೆ ಬೀಗ ಹಾಕಿ, ಹೆಂಡತಿಯನ್ನೂ ಕರೆದುಕೊಂಡು ಹೈದರಾಬಾದಿನ ಬಸ್ಸು ಹತ್ತಿದ. ಹೋದವರು ಬರುತ್ತಾರೆಂಬ ನಂಬಿಕೆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಅತ್ತೆಗೋ, ಆಪಾ ಬಿಟ್ಟುಹೋದ ಆ ನೇರಳೆ ಟೊಪ್ಪಿಗೆಯ ಕೊಡ ಪಾಳಿ ಬಿಟ್ಟು ಕದಲಕೂಡದು! ತನ್ನ ಕೊಡದ ಹಿಂದೆ ಇಡುವಳು. ಟ್ಯಾಂಕರ್ ಬಂದಾಗ ಖಾಲಿಯೇ ಪಕ್ಕಕ್ಕೆ ಸರಿಸಿ, ಹೋದಮೇಲೆ ಮತ್ತೆ ಅಲ್ಲೇ ಇಡುವಳು.

"ಊರಾಗ ಇಲ್ಲದವರ ಕೊಡ ಯಾಕ್ರೀ ನಡುವ?" ಎಂದು ಓಣಿಯವರು ಒಂದು ದಿನ ಅದನ್ನು ಎತ್ತಿ ಎಸೆದರು.

"ಪಾಳಿ ಆಕೀದು! ನೀರ ಹಿಡ್ಯಂಗಿಲ್ಲ, ಜಾಗಾ ಹಿಡದೇನಿ ಅಷ್ಟ," ಎನ್ನುತ್ತ ಹೋಗಿ ತಂದು, ಧೂಳು ಝಾಡಿಸಿ ಮತ್ತೆ ಇಟ್ಟಳು. ತಲೆ ಕೆಟ್ಟಿದೆ ಎಂದು ನಾವೆಲ್ಲ ನಕ್ಕೆವು.

ಒಂದು ಮಧ್ಯಾಹ್ನ ಟ್ಯಾಂಕರಿನ ಹಾರ್ನು ಕೇಳಿ ಓಣಿ ಹೊರಗೆ ಓಡಿತು. ನೋಡಿದರೆ, ಗಂಟುಮೂಟೆ ಹೊತ್ತ ಆಪಾ ಕೊಡಗಳ ಪಕ್ಕ ನಿಂತಿದ್ದಾಳೆ! ಬಗ್ಗಿ ನೇರಳೆ ಟೊಪ್ಪಿಗೆಯ ತೂತಿನಲ್ಲಿ ಬೆರಳು ತೂರಿಸಿದಳು.

"ಇಲ್ಲಿ ಫಂದಾ ಬಿಟ್ಟೀದಿ ನೋಡವ್ವಾ."

"ಯಾರ ಹೇಳಬೇಕಿತ್ತು? ನೀ ಊರಾಗಿದ್ದೇನು?" ಅತ್ತೆಯ ದನಿ ಒಡೆಯಿತು. ಅವಳು ತನ್ನ ಕೊಡವನ್ನು ಹಿಂದಕ್ಕೆ ತಳ್ಳಿ, ಆಪಾಳ ಕೊಡದ ಟೊಪ್ಪಿಗೆ ತೆಗೆದು ನಳಿಕೆಯ ಕೆಳಗಿಟ್ಟಳು.

"ಹಿಡಿ, ನಿನ್ನ ಪಾಳಿ ಬಂತು."